ಮಾರುಕಟ್ಟೆಯ ಪೆಟ್ಟಿಗೆ ಸೇನೆಯ ಉಗ್ರಾಣಕ್ಕೆ: ಬಳ್ಳಾರಿ, ಕೊಪ್ಪಳ, ರಾಯಚೂರಿನ ಸಣ್ಣ ಘಟಕಗಳಿಗೆ ಮಾರ್ಗದರ್ಶಿ

ರಕ್ಷಣಾ ಖರೀದಿ ಎಂದರೆ ಕ್ಷಿಪಣಿ, ಟ್ಯಾಂಕು ಎಂದುಕೊಂಡು ಮುಂಡರಗಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನವರು, ಗಿಣಿಗೇರಿಯ ಫ್ಯಾಬ್ರಿಕೇಶನ್ ಶೆಡ್ಡಿನವರು, ಸಿಂಧನೂರಿನ ಡ್ರೋನ್ ರಿಪೇರಿಯವರು ಆ ಕಡೆ ತಲೆ ಹಾಕುವುದಿಲ್ಲ. ಸೇನೆಗೆ ಡೇರೆ, ಕೇಬಲ್, ಬ್ಯಾಟರಿ, ಪಂಪು, ಕ್ಯಾಮೆರಾ ಕಂಬ, ಜನರೇಟರಿನ ಬಿಡಿಭಾಗ, ಎರಕದ ಮುಚ್ಚಳ ಎಲ್ಲವೂ ಬೇಕು. ಅವುಗಳಲ್ಲಿ ಎಷ್ಟೋ ಸರಕನ್ನು ನೀವು ಈಗಾಗಲೇ ರೈಸ್ ಮಿಲ್ಲಿಗೋ ಗಣಿಗೋ ಮಾರುತ್ತಿರುತ್ತೀರಿ.

ಪೇಟೆಯ ಸರಕನ್ನು ಸೇನೆ ಕೊಳ್ಳುವುದು ಹೊಸದೇನಲ್ಲ. 1990-91ರ ಕೊಲ್ಲಿ ಯುದ್ಧದಲ್ಲಿ ಸೈನಿಕ ಮಾದರಿಯ ಜಿಪಿಎಸ್ ಸಾಲದೆ ಅಮೆರಿಕದ ಸೇನೆ ನಾಗರಿಕರಿಗಾಗಿ ತಯಾರಿಸಿದ ಸಾವಿರಾರು ಜಿಪಿಎಸ್ ರಿಸೀವರ್‌ಗಳನ್ನು ಕೊಂಡಿತು. 1994ರ ಜೂನ್‌ನಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರ್ರಿ, ಸಾಧ್ಯವಿದ್ದಲ್ಲೆಲ್ಲ ಸೈನಿಕ ಮಾನಕ ಬಿಟ್ಟು ವಾಣಿಜ್ಯ ಮಾನಕವನ್ನೇ ಬಳಸಿ ಎಂದು ಆದೇಶಿಸಿದರು. ಅಗ್ಗ, ಬೇಗ ಸಿಗುತ್ತದೆ, ತಂತ್ರಜ್ಞಾನ ಹೊಸದು. ತೊಂದರೆ ಒಂದೇ: ಪೇಟೆಯ ಸರಕು ಎರಡು ವರ್ಷಕ್ಕೊಮ್ಮೆ ರೂಪ ಬದಲಿಸುತ್ತದೆ, ಸೇನೆಯ ಉಪಕರಣ ಇಪ್ಪತ್ತು ವರ್ಷ ಬಾಳಬೇಕು. ಸಪ್ಲೈಯರ್‌ಗಳು ಸಿಕ್ಕಿಬೀಳುವ ಹೆಚ್ಚಿನ ಜಾಗಗಳು ಈ ಒಂದು ಅಂತರದಿಂದಲೇ ಹುಟ್ಟುತ್ತವೆ.

ಉದಾಹರಣೆಗೆ ಒಂದು ಸರಕನ್ನೇ ಹಿಡಿದುಕೊಳ್ಳೋಣ: ಸಿಸಿಟಿವಿ ಕಂಬಕ್ಕೆ, ಸೋಲಾರ್ ದೀಪಕ್ಕೆ ಕೊಡುವ 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೆಟ್ಟಿಗೆ. ಒಳಗೆ 3.2 ವೋಲ್ಟಿನ 4 ಸೆಲ್, ಒಂದು ಬಿಎಂಎಸ್ ಬೋರ್ಡು (ಸೆಲ್‌ಗಳ ಚಾರ್ಜನ್ನು ಕಾಯುವ ಸರ್ಕ್ಯೂಟು), ಸಣ್ಣ ಇನ್ವರ್ಟರ್. ಇದನ್ನೇ ಸೇನೆಗೆ ಮಾರಬೇಕು.

1. ಯಾವ ಬಾಗಿಲು?

ಬಾಗಿಲು ನಾಲ್ಕಿವೆ. ತಯಾರಾಗಿರುವ ಸರಕಿಗೆ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್. ಸೇನಾ ಘಟಕ, ಡಿಪೋಗಳ ಟೆಂಡರ್‌ಗೆ ರಕ್ಷಣಾ ಇಲಾಖೆಯದೇ ಇ-ಪ್ರೊಕ್ಯೂರ್‌ಮೆಂಟ್ ತಾಣ. ಬಿಇಎಲ್, ಎಚ್‌ಎಎಲ್, ಬೆಮೆಲ್‌ನಂಥ ಸರ್ಕಾರಿ ಕಂಪನಿಗಳಿಗೆ ಮತ್ತು 2021ರ ಅಕ್ಟೋಬರ್ 1ರಂದು ಹಳೆಯ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಒಡೆದು ಮಾಡಿದ 7 ಕಂಪನಿಗಳಿಗೆ ವೆಂಡರ್ ಆಗುವುದು ಮೂರನೆಯದು. ಇನ್ನೂ ರೂಪುಗೊಳ್ಳದ ಹೊಸ ಸರಕಿಗೆ 2018ರಲ್ಲಿ ಶುರುವಾದ ಐಡೆಕ್ಸ್ ಯೋಜನೆ.

ಮೊದಲ ಸಲದವರಿಗೆ ಮೂರನೆಯ ಬಾಗಿಲೇ ಸರಿ. ದೊಡ್ಡ ಕಂಪನಿಯ ಕೈಕೆಳಗೆ ಒಂದು ಭಾಗ ಮಾಡಿಕೊಟ್ಟರೆ ಅವರ ಇನ್‌ಸ್ಪೆಕ್ಟರ್ ನಿಮ್ಮ ಶೆಡ್ಡಿಗೆ ಬಂದು ತಪ್ಪು ತೋರಿಸಿ ಹೋಗುತ್ತಾನೆ. ಆ ಪಾಠಕ್ಕೆ ಫೀಸಿಲ್ಲ. 2020ರ ಆಗಸ್ಟಿನಲ್ಲಿ ಬಂದ ಸೃಜನ್ ಪೋರ್ಟಲ್‌ನಲ್ಲಿ ಈ ಕಂಪನಿಗಳು ಹೊರದೇಶದಿಂದ ತರಿಸುವ ಭಾಗಗಳನ್ನು ವಿವರ, ಪ್ರಮಾಣ ಸಮೇತ ಹಾಕಿರುತ್ತವೆ. ದೇಶದಲ್ಲೇ ಕೊಳ್ಳಬೇಕೆಂದು ರಕ್ಷಣಾ ಇಲಾಖೆ ಹೊರಡಿಸಿದ ಪಟ್ಟಿಗಳಲ್ಲಿ ಸೇನೆಗಳ ಪಾಲಿಗೆ 509, ಸಾರ್ವಜನಿಕ ಕಂಪನಿಗಳ ಪಾಲಿಗೆ 5,012 ವಸ್ತುಗಳಿವೆ. ಕೂತು ಒಂದು ದಿನ ಹುಡುಕಿ. ರಬ್ಬರ್ ಸೀಲು, ಬ್ರಾಕೆಟ್ಟು, ವೈರಿಂಗ್ ಹಾರ್ನೆಸ್ಸಿನಂಥ ಸಾಧಾರಣ ಭಾಗಗಳೂ ಸಿಗುತ್ತವೆ.

ಐಡೆಕ್ಸ್‌ನಲ್ಲಿ 1.5 ಕೋಟಿ ರೂಪಾಯಿವರೆಗೆ ಅನುದಾನವಿದೆ, ಪ್ರೈಮ್ ವಿಭಾಗದಲ್ಲಿ 10 ಕೋಟಿವರೆಗೆ. ಕೇಳಿದಾಕ್ಷಣ ಬಾಯಲ್ಲಿ ನೀರೂರುವುದು ಸಹಜ. ಆದರೆ ಸರಿಸಮನಾದ ಪಾಲು ನೀವು ಹಾಕಬೇಕು, ಹಣ ಬರುವುದು ಹಂತ ಮುಗಿದ ಮೇಲೆ ಹಂತದಂತೆ. ಕೈಯಲ್ಲಿ ದುಡಿಯುವ ಬಂಡವಾಳವಿಲ್ಲದವರು ಅಲ್ಲಿ ನಡುನೀರಿನಲ್ಲಿ ನಿಲ್ಲುತ್ತಾರೆ.

2. ಕಾಗದ ಪತ್ರ

ಸಣ್ಣ ಘಟಕ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಉಚಿತ. ಆಧಾರ್ ಸಂಖ್ಯೆ, ಪ್ಯಾನ್ ಸಾಕು. ಇದಕ್ಕೆ ದುಡ್ಡು ಕೇಳುವ ಸೈಬರ್ ಅಂಗಡಿಗೆ ಕೊಡುವುದೇನಿದ್ದರೂ ಟೈಪಿಂಗ್ ಕೂಲಿ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದವರು ಸೂಕ್ಷ್ಮ ಉದ್ಯಮ. 25 ಕೋಟಿ ಮತ್ತು 100 ಕೋಟಿ ಒಳಗಿದ್ದವರು ಸಣ್ಣ ಉದ್ಯಮ.

ತಪ್ಪಾಗುವುದು ಎನ್‌ಐಸಿ ಸಂಕೇತದಲ್ಲಿ, ಅಂದರೆ ನೀವು ಮಾಡುವ ಕೆಲಸ ಯಾವುದೆಂದು ಹೇಳುವ ಸಂಖ್ಯೆಯಲ್ಲಿ. ವ್ಯಾಪಾರದ ಸಂಕೇತ ಹಾಕಿಸಿಕೊಂಡವರಿಗೆ ತಯಾರಕರ ಸವಲತ್ತು ಸಿಗದು, ಬಿಡ್ ಹಾಕುವಾಗಿನ ಠೇವಣಿಯ ವಿನಾಯಿತಿಯೂ ಹೋಗುತ್ತದೆ. ಬ್ಯಾಟರಿ ಪೆಟ್ಟಿಗೆ ಮಾರುವವರು ಬ್ಯಾಟರಿ ತಯಾರಿಕೆಯ ಸಂಕೇತವನ್ನೇ ಹಾಕಿಸಬೇಕು. ಪ್ರಮಾಣಪತ್ರ, ಜಿಎಸ್‌ಟಿ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಘಟಕದ ಹೆಸರು ಅಕ್ಷರ ಬಿಡದೆ ಒಂದೇ ಇರಲಿ. ಒಂದು ಕಡೆ ‘ಎಂಟರ್‌ಪ್ರೈಸ್’, ಇನ್ನೊಂದು ಕಡೆ ‘ಎಂಟರ್‌ಪ್ರೈಸಸ್’ ಇದ್ದರೆ ಪರಿಶೀಲನೆಯಲ್ಲೇ ನಿಲ್ಲುತ್ತದೆ. ಟೆಂಡರ್ ಹಾಕಲು ಕ್ಲಾಸ್-3 ಡಿಜಿಟಲ್ ಸಹಿ ಬೇಕು. ಐಎಸ್‌ಒ 9001 ಇಲ್ಲದಿದ್ದರೆ ಮೊದಲು ಜೆಡ್ (ಸಣ್ಣ ಘಟಕಗಳ ಗುಣಮಟ್ಟಕ್ಕೆ ಸರ್ಕಾರ ಕೊಡುವ) ಪ್ರಮಾಣಪತ್ರ ಮಾಡಿಸಿ. ಅದರ ಶುಲ್ಕದಲ್ಲಿ ಸೂಕ್ಷ್ಮ ಉದ್ಯಮಕ್ಕೆ ಶೇ 80, ಸಣ್ಣ ಉದ್ಯಮಕ್ಕೆ ಶೇ 60 ರಿಯಾಯಿತಿ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

3. ಪ್ರತಿ ಭಾಗದ ಊರು ಯಾವುದು?

ಪೆಟ್ಟಿಗೆ ಬಿಚ್ಚಿ, ಒಳಗಿರುವ ಪ್ರತಿ ಭಾಗವನ್ನೂ ಒಂದು ಸಾಲಿನಂತೆ ಬರೆಯಿರಿ: ಹೆಸರು, ತಯಾರಕರ ಪಾರ್ಟ್ ನಂಬರ್, ತಯಾರಾದ ದೇಶ, ಬೆಲೆ, ಎರಡನೆಯ ಮೂಲ ಇದೆಯೇ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡದ್ದರಿಂದ ಚೀನಾದ ಸೆಲ್ ದೇಶೀಯವಾಗುವುದಿಲ್ಲ. ಆಮದು ಸರಕನ್ನು ಇಲ್ಲಿನ ಡೀಲರ್‌ನಿಂದ ಕೊಂಡರೂ ಅದು ಆಮದೇ.

ಬೆಲೆಯಲ್ಲಿ ದೇಶೀಯ ಪಾಲು ಶೇ 50 ಮುಟ್ಟಿದವರಿಗೆ ಸರ್ಕಾರಿ ಖರೀದಿಯಲ್ಲಿ ಆದ್ಯತೆ ಇದೆ. ಅದರ ಲೆಕ್ಕ ಹೀಗೆ ಮಾಡಿ. ತೆರಿಗೆ ಬಿಟ್ಟು ಪೆಟ್ಟಿಗೆಯ ಬೆಲೆ 48,000 ರೂಪಾಯಿ ಎನ್ನಿ. ಹೊರಗಿನ ಸೆಲ್ 15,000, ಬಿಎಂಎಸ್ 4,000, ಕನೆಕ್ಟರ್ 5,000, ಚಾರ್ಜರ್ ಮಾಡ್ಯೂಲ್ 2,000. ಆಮದು ಒಟ್ಟು 26,000, ಉಳಿದ ದೇಶೀಯ ಪಾಲು 22,000, ಅಂದರೆ ಶೇ 45.8. ಶೇ 50 ಮುಟ್ಟದ ಕಾರಣ ನೀವು ಎರಡನೇ ದರ್ಜೆಯ ಸ್ಥಳೀಯ ಸರಬರಾಜುದಾರ, ಖರೀದಿ ಆದ್ಯತೆ ಇಲ್ಲ. ಕನೆಕ್ಟರ್ ಒಂದನ್ನು ಇಲ್ಲಿಯೇ ತಯಾರಾದದ್ದಕ್ಕೆ ಬದಲಿಸಿದರೆ ಆಮದು 21,000ಕ್ಕೆ ಇಳಿದು ದೇಶೀಯ ಪಾಲು ಶೇ 56.2 ಆಗುತ್ತದೆ, ಮೊದಲ ದರ್ಜೆ. ಸೆಲ್ ಬದಲಿಸಲು ಹೆಣಗುವ ಮೊದಲು ಇಂಥ ಸಣ್ಣ ಭಾಗ ನೋಡಿ. ಸುಳ್ಳು ಘೋಷಣೆ ಮಾತ್ರ ಬೇಡ, ಎರಡು ವರ್ಷದವರೆಗೆ ಟೆಂಡರ್‌ಗಳಿಂದ ಹೊರಗಿಡಬಹುದು.

ಇನ್ನೊಂದು ಬೇಲಿ 2020ರ ಜುಲೈ 23ರ ಆದೇಶ: ನಮ್ಮೊಂದಿಗೆ ಭೂಗಡಿ ಹಂಚಿಕೊಂಡ ಕೆಲವು ದೇಶಗಳ ಬಿಡ್ಡರ್‌ಗಳು ಮೊದಲೇ ನೋಂದಣಿ ಮಾಡಿಸಿರಬೇಕು. ಡ್ರೋನ್‌ನವರಿಗಂತೂ ಇದು ಕತ್ತಿಯಂಚು. 2025ರ ಫೆಬ್ರುವರಿಯಲ್ಲಿ ಚೀನಾದ ಭಾಗಗಳ ಕಾರಣಕ್ಕೆ 400 ಸರಕು ಸಾಗಣೆ ಡ್ರೋನ್‌ಗಳ ಒಪ್ಪಂದಗಳನ್ನು ರಕ್ಷಣಾ ಇಲಾಖೆ ರದ್ದುಮಾಡಿತು. ಸಿಂಧನೂರು, ಕಾರಟಗಿಯ ಭತ್ತದ ಗದ್ದೆಗೆ ಔಷಧಿ ಹೊಡೆಯುವ ಡ್ರೋನನ್ನು ಸೇನೆಗೆ ತೋರಿಸಬೇಕೆಂದಿದ್ದರೆ ಚೌಕಟ್ಟು, ಟ್ಯಾಂಕು ಬದಿಗಿರಲಿ; ಫ್ಲೈಟ್ ಕಂಟ್ರೋಲರ್, ಜಿಪಿಎಸ್ ಮಾಡ್ಯೂಲ್, ರೇಡಿಯೊ ಲಿಂಕ್, ನೆಲದ ಸಾಫ್ಟ್‌ವೇರ್ ಈ ನಾಲ್ಕರ ಮೂಲ ಮೊದಲು ಹೇಳಿ. ನಾಲ್ಕರಲ್ಲೊಂದು ಅನುಮಾನವಾದರೂ ಆ ಟೆಂಡರ್ ಬಿಟ್ಟುಬಿಡುವುದೇ ಲಾಭ.

ನಮ್ಮ ಬ್ಯಾಟರಿ ಪೆಟ್ಟಿಗೆಯಲ್ಲೂ ಇಂಥದೊಂದು ಅಡಗಿದೆ. ಪೇಟೆಯ ಎಷ್ಟೋ ಬಿಎಂಎಸ್‌ಗಳಲ್ಲಿ ಬ್ಲೂಟೂತ್ ಇರುತ್ತದೆ, ಮೊಬೈಲ್ ಆ್ಯಪ್ ಎಲ್ಲಿಗೆ ಮಾಹಿತಿ ಕಳಿಸುತ್ತದೋ ಯಾರಿಗೂ ಗೊತ್ತಿಲ್ಲ. ಸಾಫ್ಟ್‌ವೇರಿನಲ್ಲಿ ಆಫ್ ಮಾಡಿದ್ದೇವೆ ಎಂದರೆ ಯಾರೂ ಒಪ್ಪುವುದಿಲ್ಲ. ಆ ಚಿಪ್ ಬೋರ್ಡಿನಲ್ಲೇ ಇರಬಾರದು.

4. ಸರಕನ್ನು ಗಟ್ಟಿಮಾಡುವುದು

ಚಿಪ್ಪುಗಳಲ್ಲಿ ಮೂರು ದರ್ಜೆ: ವಾಣಿಜ್ಯ 0ರಿಂದ 70 ಡಿಗ್ರಿ ಸೆಲ್ಸಿಯಸ್, ಕೈಗಾರಿಕಾ -40ರಿಂದ 85, ಸೈನಿಕ -55ರಿಂದ 125. ವಾಣಿಜ್ಯ ದರ್ಜೆಯದು ಲಡಾಖಿನ ಚಳಿಗಾಲದ ಮೊದಲ ರಾತ್ರಿಯೇ ಮಿತಿ ದಾಟುತ್ತದೆ. ಹೆಚ್ಚಿನ ಕೆಲಸಕ್ಕೆ ಕೈಗಾರಿಕಾ ದರ್ಜೆ ಸಾಕು. ಸೈನಿಕ ದರ್ಜೆ ದುಬಾರಿ, ಟೆಂಡರ್ ಕೇಳದಿದ್ದರೆ ಹಾಕಬೇಡಿ.

ಬಿಸಿಲಿನ ಬಗ್ಗೆ ರಾಯಚೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ನೀವು ಸಿಸಿಟಿವಿಗೆ ಕೊಡುವ ಪೆಟ್ಟಿಗೆ ಬಿಳಿ. ಸೇನೆ ಕೇಳುವುದು ಕಡು ಹಸಿರು. ಅದೇ ಪೆಟ್ಟಿಗೆ ಹಸಿರು ಬಳಿದ ಮೇಲೆ ಮೇ ತಿಂಗಳ ಬಿಸಿಲಲ್ಲಿ ಒಳಗೆ ಇನ್ನಷ್ಟು ಕಾಯುತ್ತದೆ, ಹಾಗಾಗಿ ಹಳೆಯ ಅಳತೆಗಳನ್ನು ನಂಬದೆ ಬಣ್ಣ ಹೊಡೆದ ಮೇಲೆ ಮತ್ತೆ ಅಳೆಯಿರಿ.

ಚಳಿ ಇನ್ನೂ ಮೋಸದ್ದು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರುಗಟ್ಟುತ್ತದೆ, ಸೆಲ್ ಶಾಶ್ವತವಾಗಿ ಕೆಡುತ್ತದೆ, ಮುಂದೆ ಒಳಗೇ ಶಾರ್ಟ್ ಆಗಬಹುದು. ಪರಿಹಾರ: ಸೆಲ್‌ಗಳ ಪಕ್ಕಕ್ಕೆ 40-60 ವ್ಯಾಟಿನ ಫಿಲ್ಮ್ ಹೀಟರ್. ಚಾರ್ಜರ್ ಕರೆಂಟು ಮೊದಲು ಹೀಟರಿಗೆ ಹೋಗಬೇಕು, ಸೆಲ್ 5 ಡಿಗ್ರಿ ಮುಟ್ಟಿದ ಮೇಲಷ್ಟೇ ಚಾರ್ಜ್ ದಾರಿ ತೆರೆಯಬೇಕು. ತಾಪ ಅಳೆಯುವ ಸೆನ್ಸರ್ ಬೋರ್ಡಿನ ಮೇಲಿರದೆ ಸೆಲ್ಲಿಗೆ ಅಂಟಿರಲಿ. ಬೋರ್ಡು ಬಿಸಿಯಾಗಿದ್ದು ಸೆಲ್ ಹೆಪ್ಪುಗಟ್ಟಿರುವುದು ಉಂಟು.

ಎತ್ತರದ್ದು ಬೇರೆಯೇ ಕಥೆ. ಸುಮಾರು 5,400 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ರಾಯಚೂರಿನಲ್ಲಿ ಬಿಗಿಯಾಗಿ ಸೀಲ್ ಮಾಡಿದ, 40×30 ಸೆಂಟಿಮೀಟರ್ ಮುಚ್ಚಳದ ಪೆಟ್ಟಿಗೆ ಅಲ್ಲಿಗೆ ಹೋದರೆ ಒಳಗಿನ ಗಾಳಿ ಮುಚ್ಚಳವನ್ನು ಅರ್ಧ ಟನ್ನಿಗೂ ಮಿಗಿಲಾದ ಬಲದಿಂದ ಹೊರಕ್ಕೆ ಒತ್ತುತ್ತದೆ. ಗ್ಯಾಸ್ಕೆಟ್ ಹರಿಯುತ್ತದೆ, ಇಳಿದು ಬಂದಾಗ ತೇವ ಒಳಗೆ ಎಳೆದುಕೊಳ್ಳುತ್ತದೆ. ನೀರು ಬಿಡದೆ ಗಾಳಿ ಮಾತ್ರ ಬಿಡುವ ಪೊರೆಯ ವೆಂಟ್ ಒಂದನ್ನು ಪೆಟ್ಟಿಗೆಯ ಪಕ್ಕಕ್ಕೆ ಹಾಕಿ, ಮೇಲ್ಭಾಗಕ್ಕೆ ಬೇಡ. ಗಾಳಿ ತೆಳುವಾದಾಗ ಫ್ಯಾನ್ ತಿರುಗಿದರೂ ತಂಪಾಗದು. ಇನ್ವರ್ಟರಿನ ಶಾಖವನ್ನು ಲೋಹದ ಗೋಡೆಗೇ ಒಯ್ಯುವಂತೆ ಕಟ್ಟಿ.

ಅಲುಗಾಟಕ್ಕೆ ಸ್ಪ್ರಿಂಗ್ ವಾಷರ್ ನಂಬಬೇಡಿ. ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರವಿರುವುದು) ಅಥವಾ ಬೋಲ್ಟಿನ ಸುತ್ತುಗಳಿಗೆ ಹಚ್ಚುವ ಅಂಟು (ಥ್ರೆಡ್ ಲಾಕರ್) ಹಾಕಿ. ಎದ್ದು ನಿಂತ ಕೆಪಾಸಿಟರ್‌ಗಳ ಬುಡಕ್ಕೆ ಸಿಲಿಕೋನ್, ಅಲುಗುವ ತಂತಿಯ ತುದಿಗೆ ಬೆಸುಗೆ ಬದಲು ಕ್ರಿಂಪ್. ಬೆಸುಗೆ ಹಾಕಿದ ತಂತಿ ಬೆಸುಗೆ ಮುಗಿಯುವ ಅಂಚಿನಲ್ಲೇ ತುಂಡಾಗುತ್ತದೆ.

ರೇಡಿಯೊ ಗದ್ದಲ ಹೆಚ್ಚಿನವರು ಕೊನೆಗೆ ನೆನೆಸಿಕೊಳ್ಳುವ ವಿಷಯ. ಅಗ್ಗದ ಇನ್ವರ್ಟರ್ ಪಕ್ಕದಲ್ಲಿ ಸೈನಿಕನ ವೈರ್‌ಲೆಸ್ ಸೆಟ್ಟು ಬರೀ ಕರಕರ ಎನ್ನುತ್ತದೆ. ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಎಎಂ-ಎಫ್‌ಎಂ ರೇಡಿಯೊ ಇಟ್ಟು, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಪೆಟ್ಟಿಗೆ ಆನ್ ಮಾಡಿ. ಸದ್ದು ಬದಲಾದರೆ ಲ್ಯಾಬಿಗೆ ಹೋಗಿ ದುಡ್ಡು ಕಳೆಯುವ ಮೊದಲೇ ಉತ್ತರ ಸಿಕ್ಕಿತು. ಲೋಹದ ಪೆಟ್ಟಿಗೆ, ಒಳಬರುವ ಹೊರಹೋಗುವ ತಂತಿಗೆ ಫಿಲ್ಟರ್, ಫೆರೈಟ್ ಉಂಗುರ. ಪೌಡರ್ ಕೋಟಿಂಗ್‌ನವರಿಗೆ ಮುಚ್ಚಳ ಕೂರುವ ಅಂಚಿಗೆ ಬಣ್ಣ ಬೀಳದಂತೆ ಟೇಪ್ ಹಚ್ಚಲು ಹೇಳಿ. ಅಂಚಿಗೆ ಬಣ್ಣ ಬಿದ್ದರೆ ಲೋಹಕ್ಕೆ ಲೋಹ ತಾಗದು, ಇಡೀ ಪೆಟ್ಟಿಗೆಯೇ ಆಂಟೆನಾ ಆಗುತ್ತದೆ.

ಗುಂಡಿಗಳು ದಪ್ಪ ಕೈಗವಸಿನಲ್ಲಿ ಒತ್ತಲು ಬರಬೇಕು. ಅಷ್ಟೇ.

5. ಪರೀಕ್ಷೆ

ನಮ್ಮಲ್ಲಿ ಇಲೆಕ್ಟ್ರಾನಿಕ್ ಉಪಕರಣಕ್ಕೆ ಸಾಮಾನ್ಯವಾಗಿ ಕೇಳುವುದು ಜೆಎಸ್‌ಎಸ್ 55555 ಎಂಬ ಸೈನಿಕ ಪರೀಕ್ಷಾ ಮಾನಕ. ಅಲುಗಾಟ, ಬಂಪ್, ಉರುಳಿಸುವಿಕೆ, ಅತಿ ಶಾಖ, ಅತಿ ಚಳಿ, ತೇವದ ಶಾಖ, ಎತ್ತರ, ಬೀಸುಮಳೆ, ಧೂಳು, ಬೂಷ್ಟು, ಉಪ್ಪುಗಾಳಿ ಎಲ್ಲವೂ ಅದರಲ್ಲಿವೆ. ಎಲ್ಲ ಸರಕಿಗೂ ಎಲ್ಲ ಪರೀಕ್ಷೆ ಅಗತ್ಯವಿಲ್ಲ, ಟೆಂಡರ್ ಯಾವುದನ್ನು ಯಾವ ತೀವ್ರತೆಯಲ್ಲಿ ಕೇಳಿದೆ ನೋಡಿ.

ಲ್ಯಾಬಿಗೆ ಮೊದಲು ಮನೆಯ ಪರೀಕ್ಷೆ. ಪೌಡರ್ ಕೋಟಿಂಗ್ ಓವನ್ನಿನಲ್ಲಿ 55 ಡಿಗ್ರಿಗೆ ಎಂಟು ತಾಸು (ಥರ್ಮೋಸ್ಟಾಟ್ ಸರಿ ಇದೆಯೇ ಬೇರೆ ಥರ್ಮಾಮೀಟರಿನಲ್ಲಿ ನೋಡಿಕೊಂಡು, ಪಕ್ಕದಲ್ಲೇ ಒಬ್ಬರು ನಿಂತು). ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕಟ್ಟಿ ನಮ್ಮ ಯಾವುದೇ ಗಣಿ ರಸ್ತೆಯಲ್ಲಿ ಐವತ್ತು ಕಿಲೋಮೀಟರ್. ಈ ಒಂದು ಸೌಲಭ್ಯ ನಮ್ಮ ಜಿಲ್ಲೆಗಳಲ್ಲಿ ಧಾರಾಳವಾಗಿದೆ. ನಂತರ ಒಂದು ಮೀಟರ್ ಆಳದ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ, ಐಪಿ67 ಎಂಬ ಧೂಳು-ನೀರು ತಡೆಯ ದರ್ಜೆಯಲ್ಲಿ ನೀರಿನ ಪರೀಕ್ಷೆ ಅದೇ. ಸೆಲ್ ತೆಗೆದು, ಒಳಗೆ ಒಣ ಟಿಶ್ಯೂ ಇಟ್ಟು ಮುಳುಗಿಸಿ. ಈ ಕ್ರಮ ಮುಖ್ಯ: ಹೊಸ ಗ್ಯಾಸ್ಕೆಟ್ ಸಾಮಾನ್ಯವಾಗಿ ಸೋರುವುದಿಲ್ಲ, ಕುಲುಕಿ ಕಾಯಿಸಿದ ಮೇಲೆ ಸೋರುತ್ತದೆ.

ಅಧಿಕೃತ ವರದಿಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್ ಬೇಕು. ಲ್ಯಾಬಿಗೆ ಮಾನ್ಯತೆ ಇದ್ದರೆ ಸಾಲದು, ನಿಮಗೆ ಬೇಕಾದ ಪರೀಕ್ಷೆಗೇ ಮಾನ್ಯತೆ ಇದೆಯೇ ಎಂದು ಅವರ ವ್ಯಾಪ್ತಿಯ ಪಟ್ಟಿ ತರಿಸಿ ನೋಡಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಗಳಾದ ಇಟಿಡಿಸಿ, ಸಿಎಂಟಿಐ ಇವೆ. ಮೂರು ಪೆಟ್ಟಿಗೆ ಒಯ್ಯಿರಿ. ಒಂದು ಕೆಟ್ಟರೆ ಉಳಿದದ್ದರಲ್ಲಿ ಕೆಲಸ ಸಾಗುತ್ತದೆ. ವರದಿಯಲ್ಲಿ ಮಾದರಿ ಸಂಖ್ಯೆ, ಸೀರಿಯಲ್ ನಂಬರ್, ಡ್ರಾಯಿಂಗ್ ಪರಿಷ್ಕರಣೆ, ಫೋಟೊ ನಾಲ್ಕೂ ಇರಲಿ. ‘ಇದೇ ಥರದ ಇನ್ನೊಂದು ಮಾದರಿ’ಯ ವರದಿ ಲಗತ್ತಿಸಿ ತಿರಸ್ಕಾರಗೊಳ್ಳುವ ಬಿಡ್‌ಗಳಿಗೆ ಲೆಕ್ಕವಿಲ್ಲ.

ಲಿಥಿಯಂ ಬ್ಯಾಟರಿಗೆ ಇನ್ನೆರಡು: ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಐಎಸ್ 16046 ನೋಂದಣಿಯ ಸೆಲ್, ಸಾಗಣೆಗೆ ಯುಎನ್ 38.3 ಪರೀಕ್ಷೆಯ ಸಾರಾಂಶ ಪತ್ರ. ಲೇಹ್‌ಗೆ ವಿಮಾನದಲ್ಲಿ ಕಳಿಸಬೇಕಾದರೆ ಈ ಪತ್ರವಿಲ್ಲದ ಪೆಟ್ಟಿಗೆ ಗೋದಾಮಿನಲ್ಲೇ ಉಳಿಯುತ್ತದೆ, ತಡವಾದ ದಂಡ ನಿಮ್ಮ ತಲೆಗೆ.

ಜೀನ್ಸ್ ಮತ್ತು ಎರಕದವರಿಗೆ ಎರಡು ಮಾತು

ಬಳ್ಳಾರಿಯ ಜೀನ್ಸ್ ಘಟಕಗಳ ಹೊಲಿಗೆ ಸಾಮರ್ಥ್ಯ ಟೆಂಟು, ಬ್ಯಾಗು, ಕವರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ 2022ರ ಜನವರಿಯಲ್ಲಿ ಅನಾವರಣಗೊಂಡ ಸೇನೆಯ ಹೊಸ ಮರೆಮಾಚು ಸಮವಸ್ತ್ರದ ವಿನ್ಯಾಸದ ಹಕ್ಕು ಸೇನೆಯದು. ಅನುಮತಿ ಇಲ್ಲದೆ ಅದನ್ನು ಹೊಲಿದು ಪೇಟೆಗೆ ಬಿಟ್ಟರೆ ಕೇಸು ಗ್ಯಾರಂಟಿ. ಮರೆಮಾಚು ಬಟ್ಟೆ ರಾತ್ರಿ ದುರ್ಬೀನಿಗೂ ಮರೆಯಾಗಬೇಕು, ಅಂದರೆ ಅತಿಕೆಂಪು ಬೆಳಕನ್ನು ಎಷ್ಟು ಪ್ರತಿಫಲಿಸುತ್ತದೆ ಎಂಬುದಕ್ಕೂ ಮಿತಿಯಿದೆ. ಕಣ್ಣಿಗೆ ಒಂದೇ ಹಸಿರಾಗಿ ಕಂಡ ಬಣ್ಣ ಅಲ್ಲಿ ಬೆಳ್ಳಗೆ ಹೊಳೆಯಬಹುದು.

ಕೊಪ್ಪಳದ ಎರಕ, ಫ್ಯಾಬ್ರಿಕೇಶನ್‌ನವರಿಗೆ ಬೇಕಾದದ್ದು ಹೀಟ್ ನಂಬರಿನ (ಉಕ್ಕು ಯಾವ ಸಲ ಕರಗಿಸಿದ್ದೆಂದು ಹೇಳುವ ಸಂಖ್ಯೆ) ಶಿಸ್ತು. ಪ್ಲೇಟು ಕತ್ತರಿಸುವ ಮುನ್ನ ಪ್ರತಿ ತುಂಡಿಗೂ ಹೀಟ್ ನಂಬರ್ ಪಂಚ್ ಮಾಡಿ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಫೈಲಿನಲ್ಲಿದ್ದು ನಂಬರ್ ತುಂಡಿನ ಮೇಲೆ ಇಲ್ಲದಿದ್ದರೆ ಒಳ್ಳೆಯ ಉಕ್ಕೂ ರಿಜೆಕ್ಟ್.

6. ಬಿಡ್ ಮತ್ತು ಬೆಲೆ

ತಾಂತ್ರಿಕ ಬಿಡ್, ಬೆಲೆ ಬಿಡ್ ಬೇರೆ ಬೇರೆ. ತಾಂತ್ರಿಕ ಕಡತದಲ್ಲಿ ಎಲ್ಲಾದರೂ ಬೆಲೆ ಕಾಣಿಸಿದರೆ, ಹಳೆಯ ಇನ್‌ವಾಯ್ಸ್ ಲಗತ್ತಿನಲ್ಲಾದರೂ ಸರಿ, ಬಿಡ್ ಹೊರಕ್ಕೆ. ಟೆಂಡರ್ ಕೇಳಿದ್ದಕ್ಕೆ ನಿಮ್ಮ ಸರಕು ಹೊಂದುತ್ತದೆಯೇ ಎಂದು ತೋರಿಸುವ ಪಟ್ಟಿಯಲ್ಲಿ ‘ಹೌದು’ ಎಂದಷ್ಟೇ ಬರೆಯಬೇಡಿ. ‘ಕೇಳಿದ್ದು 55 ಡಿಗ್ರಿ, ಪರೀಕ್ಷಿಸಿದ್ದು 60 ಡಿಗ್ರಿ, ವರದಿಯ 7ನೇ ಪುಟ’ ಎಂದು ಬರೆಯಿರಿ.

2012ರ ಸಾರ್ವಜನಿಕ ಖರೀದಿ ನೀತಿಯಂತೆ ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ಶೇ 25ರಷ್ಟು ಕೊಳ್ಳಬೇಕು. ಇದರೊಳಗೇ ಪರಿಶಿಷ್ಟರ ಘಟಕಗಳಿಗೆ ಶೇ 4, ಮಹಿಳೆಯರ ಘಟಕಗಳಿಗೆ ಶೇ 3. ಅತಿ ಕಡಿಮೆ ಬೆಲೆ ದೊಡ್ಡ ಕಂಪನಿಯದು 1,00,000 ಇದ್ದು ನಿಮ್ಮದು 1,14,000 ಇದ್ದರೆ, ಶೇ 15ರ ಒಳಗಿರುವುದರಿಂದ ಅವರ ಬೆಲೆಗೆ ಒಪ್ಪಿಕೊಂಡು ಒಂದು ಪಾಲು ಪಡೆಯಬಹುದು. 1,16,000 ಬರೆದಿದ್ದರೆ ಆ ಅವಕಾಶವಿಲ್ಲ. 1,00,000ಕ್ಕೆ ಇಳಿದರೂ ನಷ್ಟವಾಗದಂತೆ ತಳದ ಬೆಲೆಯನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಬಿಡ್ ಠೇವಣಿಗೆ ವಿನಾಯಿತಿ ಇದೆ ಎಂದು ಖುಷಿಪಟ್ಟು ಮರೆಯುವುದು ಕಾರ್ಯಕ್ಷಮತೆಯ ಠೇವಣಿ. ಆರ್ಡರ್ ಬಂದ ಮೇಲೆ ಮೌಲ್ಯದ ಶೇ 3ರಿಂದ 5ರಷ್ಟಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. 50 ಲಕ್ಷದ ಆರ್ಡರ್‌ಗೆ 2.5 ಲಕ್ಷದವರೆಗೆ ಬ್ಯಾಂಕಿನಲ್ಲಿ ಸಿಕ್ಕಿಬೀಳುತ್ತದೆ, ವಾರಂಟಿ ಮುಗಿಯುವವರೆಗೆ. ತಡವಾದರೆ ಸಾಮಾನ್ಯವಾಗಿ ವಾರಕ್ಕೆ ಶೇ 0.5, ಗರಿಷ್ಠ ಶೇ 10 ಕಡಿತ. ನಿಮ್ಮ ಒಪ್ಪಂದದ ಅಂಕಿ ಓದಿ. ಹಾಗೆಯೇ ವಾರಂಟಿಯಲ್ಲಿ ಕೆಟ್ಟ ಪೆಟ್ಟಿಗೆ ಲೇಹ್‌ನಿಂದ ಬಳ್ಳಾರಿಗೆ ಬಂದು ಹೋಗುವ ಖರ್ಚು ಯಾರದು ಎಂಬ ಸಾಲನ್ನೂ.

7. ಕೊಟ್ಟ ಮೇಲೆ ದುಡ್ಡು

ಸರಕು ಇಳಿದದ್ದು ಬೇರೆ, ಸ್ವೀಕರಿಸಿದ್ದು ಬೇರೆ. ಜೆಮ್‌ನಲ್ಲಿ ಸ್ವೀಕೃತಿ ಪ್ರಮಾಣಪತ್ರ ಹೊರಬೀಳುವವರೆಗೆ ಬಿಲ್ ಅಲುಗುವುದಿಲ್ಲ, ಹಾಗಾಗಿ ಲಾರಿ ಹೊರಟ ದಿನದಿಂದಲೇ ಸ್ವೀಕರಿಸುವ ಅಧಿಕಾರಿಯ ಬೆನ್ನು ಹತ್ತಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ 15ನೇ ಕಲಮಿನಂತೆ ಗರಿಷ್ಠ 45 ದಿನದಲ್ಲಿ ಪಾವತಿಯಾಗಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಡ ಪಾವತಿಗೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ದೂರಿನವರೆಗೆ ಹೋಗುವ ಮುಂಚೆ, ಕೊಂಡವರು ಟ್ರೆಡ್ಸ್‌ನಲ್ಲಿದ್ದರೆ (ಬಾಕಿ ಬಿಲ್ ಮಾರುವ ಆನ್‌ಲೈನ್ ವೇದಿಕೆ) ಬಿಲ್ಲನ್ನು ಅಲ್ಲಿ ರಿಯಾಯಿತಿಗೆ ಮಾರಿ ಹಣ ಎತ್ತುವುದು ಸಂಬಂಧ ಕೆಡದ ದಾರಿ.

8. ಬದಲಾವಣೆಯ ಪುಸ್ತಕ ಮತ್ತು ಬಿಡಿಭಾಗ

ಸ್ಯಾಂಪಲ್ ಒಪ್ಪಿಗೆಯಾದ ದಿನ ಪೆಟ್ಟಿಗೆಯ ವಿನ್ಯಾಸ ಬೀಗ ಹಾಕಿದಂತೆ. ಆಮೇಲೆ ಡೀಲರ್ ‘ಅದೇ ಬಿಎಂಎಸ್, ಬರೀ ಹೊಸ ವರ್ಷನ್’ ಎಂದು ಕಳಿಸಿದ್ದನ್ನು ಸುಮ್ಮನೆ ಜೋಡಿಸಿದರೆ ಪರಿಶೀಲನೆಯಲ್ಲಿ ಇಡೀ ಲಾಟು ನಿಲ್ಲುತ್ತದೆ. ಒಂದು ದಪ್ಪ ಪುಸ್ತಕ ಇಡಿ: ಯಾವ ಭಾಗ, ಏನು ಬದಲು, ಯಾಕೆ, ಯಾವ ಸೀರಿಯಲ್ ನಂಬರಿನಿಂದ, ಯಾರ ಲಿಖಿತ ಒಪ್ಪಿಗೆ. ಬದಲಾವಣೆಗೆ ಮುನ್ನ ಖರೀದಿದಾರರಿಗೆ ಪತ್ರ, ಉತ್ತರ ಬಂದ ಮೇಲೆ ಜೋಡಣೆ.

ಬಿಎಂಎಸ್ ತಯಾರಕ ‘ಇನ್ನು ಮಾಡುವುದಿಲ್ಲ’ ಎಂದಾಗ ಕೊನೆಯ ಖರೀದಿ ಎಷ್ಟು? 200 ಪೆಟ್ಟಿಗೆ ಕೊಟ್ಟಿದ್ದೀರಿ, ವರ್ಷಕ್ಕೆ ನೂರಕ್ಕೆ 3 ಕೆಡುತ್ತವೆ, 10 ವರ್ಷದ ಸೇವೆ ಎಂದುಕೊಳ್ಳಿ: 60 ಬೋರ್ಡು. ಮೇಲೆ ಕಾಲು ಭಾಗ ಸೇರಿಸಿ 75 ಕೊಂಡು, ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಸ್ಥಾಯಿ ವಿದ್ಯುತ್ ತಡೆಯುವ ಚೀಲದಲ್ಲಿ ಸೀಲ್ ಮಾಡಿಡಿ. ಸೆಲ್‌ಗಳನ್ನು ಹೀಗೆ ಕೂಡಿಡಬೇಡಿ, ಕಪಾಟಿನಲ್ಲಿದ್ದರೂ ಅವು ಮುದಿಯಾಗುತ್ತವೆ. ಅವಕ್ಕೆ ಅದೇ ಅಳತೆಯ ಎರಡನೆಯ ತಯಾರಕರ ಸೆಲ್ಲನ್ನು ಮೊದಲ ಪರೀಕ್ಷೆಯ ಸಮಯದಲ್ಲೇ ಜೊತೆಗೆ ಪರೀಕ್ಷಿಸಿ ಡ್ರಾಯಿಂಗಿನಲ್ಲಿ ಎರಡೂ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಆಮೇಲೆ ಮಾಡಿಸಹೋದರೆ ಲ್ಯಾಬಿನ ಅಷ್ಟೂ ಖರ್ಚು ಮತ್ತೆ ಮೊದಲಿನಿಂದ.